ಸಾವಿತ್ರಿಗೆ ಹೋದ ಮೊದಲ ಕರೆ

ನಮ್ಮೂರಿಗೆ ಸ್ವಯಂಚಾಲಿತ ದೂರವಾಣಿ ತಂದವನು ನಾನು. ಇದನ್ನು ನಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿ ಬಂದಿದೆಯಲ್ಲ, ಅನ್ಯಾಯ ಅಲ್ಲಿಂದಲೇ ಶುರುವಾಗುತ್ತದೆ. ಬೇರೆ ಊರಾಗಿದ್ದರೆ ಎಕ್ಸ್‌ಚೇಂಜಿನ ಗೋಡೆಗೆ ಒಂದು ಕಲ್ಲು ಕೂರಿಸಿ ನನ್ನ ಹೆಸರು ಕೆತ್ತಿಸುತ್ತಿದ್ದರು. ನಮ್ಮೂರಿನಲ್ಲಿ ಎಕ್ಸ್‌ಚೇಂಜಿನ ಮಾತು ಬಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ, ನೋಡಿ ಇನ್ನೊಮ್ಮೆ ನಗುತ್ತಾರೆ.

ಊರು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಸಣ್ಣ ಪೇಟೆ. ಹೆಸರು ಬರೆಯುವುದಿಲ್ಲ, ನಾನು ಈಗಲೂ ಅಲ್ಲೇ ಇದ್ದೇನೆ. ಒಂದು ಬಸ್ ಸ್ಟ್ಯಾಂಡು, ಒಂದು ಸೊಸೈಟಿ, ಎರಡು ಚಾದ ಹೋಟೆಲು, ಒಂದು ಹೈಸ್ಕೂಲು ಮತ್ತು ನನ್ನ ಔಷಧಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ನಾನು, ಹೆಂಡತಿ ಸಾವಿತ್ರಿ.

ತೊಂಬತ್ತರ ದಶಕ ಶುರುವಾದಾಗ ಊರಿನಲ್ಲಿ ನಲವತ್ತು ಚಿಲ್ಲರೆ ಫೋನುಗಳಿದ್ದವು. ಒಂದಕ್ಕೂ ಡಯಲ್ ಇರಲಿಲ್ಲ. ಪಕ್ಕದಲ್ಲಿ ಒಂದು ಹಿಡಿಕೆ. ಅದನ್ನು ಗರಗರ ತಿರುಗಿಸಿದರೆ ಅಂಚೆ ಕಚೇರಿಯ ಪಕ್ಕದ ಕೋಣೆಯಲ್ಲಿ ಕೂತ ಶ್ರೀಪಾದಣ್ಣ "ಹಾಂ, ಹೇಳು" ಅನ್ನುತ್ತಿದ್ದ. ಊರಿನ ಆಪರೇಟರು ಅವನೊಬ್ಬನೇ. ಯಾರಿಗೆ ಬೇಕೆಂದು ಹೇಳಿದರೆ ತಂತಿ ಚುಚ್ಚಿ ಜೋಡಿಸಿಕೊಡುತ್ತಿದ್ದ. ಜೋಡಿಸುವ ಮೊದಲು ತನ್ನ ಅಭಿಪ್ರಾಯವನ್ನೂ ಹೇಳುತ್ತಿದ್ದ.

"ಶ್ರೀಪಾದಣ್ಣ, ಡಾಕ್ಟ್ರ ಮನೆ ಕೊಡು."

"ಡಾಕ್ಟ್ರು ಇಲ್ಲೆ. ಈಗಷ್ಟೇ ಕೊಡೆ ಹಿಡ್ಕಂಡು ಬಸ್ ಸ್ಟ್ಯಾಂಡ್ ಬದಿಗೆ ಹೋದ. ಎಂತ, ಮತ್ತೆ ಹೊಟ್ಟೆ ನೋವಾ?"

ಶಿರಸಿಯ ಸಗಟು ಅಂಗಡಿಗೆ ಔಷಧಿ ಬರೆಸಬೇಕೆಂದು ಟ್ರಂಕ್ ಕಾಲ್ ಬುಕ್ ಮಾಡಿದರೆ ಮಧ್ಯದಲ್ಲಿ ಇವನ ದನಿ: "ತಮಾ, ಆ ಟಾನಿಕ್ಕು ಹೋದ ತಿಂಗಳು ತರಿಸಿದ್ದು ಹಾಂಗೇ ಇದ್ದಲ. ಮತ್ತೆಂತಕ್ಕೆ?" ಆ ಕಡೆಯ ವ್ಯಾಪಾರಿ ಕೂಡ "ಹೌದ್ರಾ? ಹಾಗಾದ್ರೆ ಬಿಡಿ" ಅಂದು ಇಟ್ಟುಬಿಡುತ್ತಿದ್ದ. ವ್ಯಾಪಾರ ನನ್ನದೋ ಶ್ರೀಪಾದಣ್ಣನದೋ?

ಇದನ್ನೆಲ್ಲ ನಾನು ಸಹಿಸಿದೆ. ಹಲ್ಲಿನ ವಿಷಯವನ್ನು ಮಾತ್ರ ಸಹಿಸಲಿಲ್ಲ.

ನನಗೆ ಆಗ ನಲವತ್ತೆರಡು. ಮೇಲಿನ ಸಾಲಿನ ಎದುರಿನ ಎರಡು ಹಲ್ಲು ಅಲುಗಾಡಲು ಶುರುವಾಗಿ, ಕಟ್ಟಿಸಿಕೊಳ್ಳುವುದೇ ಸರಿ ಅಂತಾಗಿತ್ತು. ವಯಸ್ಸಿನ ಗೌರವ ಕಾಪಾಡಿಕೊಳ್ಳಬೇಕಲ್ಲ, ಗುಟ್ಟಾಗಿ ಶಿರಸಿಯ ದಂತವೈದ್ಯರಿಗೆ ಫೋನು ಮಾಡಿ ದಿನ ಗೊತ್ತುಮಾಡಿಕೊಂಡೆ. ಮಾರನೆಯ ಬೆಳಿಗ್ಗೆ ಚಾ ಕುಡಿಯಲು ಹೋಟೆಲಿಗೆ ಹೋದರೆ ಮಾಲೀಕ ನನ್ನ ಮುಂದೆ ಮೆತ್ತಗಿನ ಇಡ್ಲಿ ತಂದಿಟ್ಟ.

"ನಾನು ಚಕ್ಕುಲಿ ಕೇಳಿದ್ದು!"

"ಚಕ್ಕುಲಿ ಗಟ್ಟಿ ಇದ್ದು ಹೆಗಡೇರೆ. ಸದ್ಯ ಬ್ಯಾಡ. ಹಲ್ಲು ಕಟ್ಟಿಸ್ಕಂಡು ಬನ್ನಿ, ಆಮೇಲೆ ಕೊಡ್ತೆ."

ಇಡೀ ಹೋಟೆಲು ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು ನೆಟ್ಟಗೆ ಎಕ್ಸ್‌ಚೇಂಜಿಗೆ ಹೋದೆ.

"ಶ್ರೀಪಾದಣ್ಣ, ಇದು ವಿಶ್ವಾಸದ್ರೋಹ! ಒಬ್ಬ ನಾಗರಿಕನ ಹಲ್ಲಿನ ವಿಷಯ ಊರಿಗೆಲ್ಲ ಹೇಳ್ತ್ಯಾ?"

ಅವನು ಕಿವಿಯ ಮೇಲಿದ್ದ ಹೆಡ್‌ಫೋನು ತೆಗೆದು ಶಾಂತವಾಗಿ ಹೇಳಿದ: "ಆನು ಯಾರಿಗೂ ಹೇಳಿದ್ನಿಲ್ಲೆ ತಮಾ. ಲೈನು ಸಣ್ಣ ಕೇಳ್ತಿತ್ತು, ನೀನು ಕೂಗಿದೆ. 'ಎದುರಿನ ಎರಡು ಹಲ್ಲು' ಹೇಳಿ ನೀನು ಕೂಗಿದ್ದು ಬಸ್ ಸ್ಟ್ಯಾಂಡಿಗೇ ಕೇಳ್ತು. ಯಂಗಂತೂ ಫೋನಿಂದನೂ ಕೇಳ್ತು, ಕಿಟಕಿಯಿಂದನೂ ಕೇಳ್ತು."

ನಾನು ನಂಬಲಿಲ್ಲ. ಒಬ್ಬ ಮನುಷ್ಯ ಸಿಟ್ಟು ಮಾಡಿಕೊಂಡು ಅಷ್ಟು ದೂರ ನಡೆದು ಬಂದ ಮೇಲೆ ನಂಬುವುದು ಕಷ್ಟ. ಅಂದು ಸಂಜೆಯೇ 'ಸ್ವಯಂಚಾಲಿತ ದೂರವಾಣಿ ಹೋರಾಟ ಸಮಿತಿ' ಹುಟ್ಟಿತು. ನಾನು ಕಾರ್ಯದರ್ಶಿ. ಅಧ್ಯಕ್ಷರಾಗಿ ಕಿರಾಣಿ ಅಂಗಡಿಯ ವೀರಭದ್ರಪ್ಪನವರನ್ನು ಒಪ್ಪಿಸಿದೆ. ಬನವಾಸಿ ಕಡೆಯಿಂದ ಬಂದು ನೆಲೆಸಿದವರು, ಎತ್ತರದ ಆಳು, ದನಿಯೂ ಎತ್ತರ. ಹೋರಾಟಕ್ಕೆ ಹೇಳಿ ಮಾಡಿಸಿದಂಥ ದೇಹ.

"ಬರ್ರಿ ಹೆಗಡೇರ, ಕುಂದರ್ರಿ," ಅಂದರು ಅವರು. "ಹೋರಾಟ ಮಾಡೂನು. ಆದ್ರ ಬರಿಯೂದು, ಓದೂದು ನೀವ ನೋಡ್ಕೋಬೇಕು. ನಂದೇನಿದ್ರೂ ಕೂಗೂದು."

"ಬರೆಯುವುದು, ಓದುವುದು ನನಗೆ ಬಿಡಿ," ಅಂದೆ ನಾನು. ಎಂಥ ಆತ್ಮವಿಶ್ವಾಸ!

ಬರೆದೆ. ಮೇಲಿನ ಕಚೇರಿಗೆ ನಾನು ಬರೆದ ಮನವಿಗಳನ್ನು ಈಗ ಓದಿದರೂ ಮೈ ಜುಮ್ಮೆನ್ನುತ್ತದೆ. 'ಇಡೀ ದೇಶ ಬೆರಳ ತುದಿಯಲ್ಲಿ ಮಾತಾಡುತ್ತಿರುವಾಗ ನಾವು ಹಿಡಿಕೆ ತಿರುಗಿಸುತ್ತಾ ಕೂತಿರುವುದು ಯಾವ ನ್ಯಾಯ?' ಉತ್ತರ ಬಂತು: 'ತಮ್ಮ ಪತ್ರ ತಲುಪಿದೆ. ವಿಷಯ ಪರಿಶೀಲನೆಯಲ್ಲಿದೆ.' ಮತ್ತೆ ಬರೆದೆ. ಮತ್ತೆ ಪರಿಶೀಲನೆಯಲ್ಲಿದೆ. ನಾಲ್ಕು ಮನವಿ, ನಾಲ್ಕು ಉತ್ತರ, ನಾಲ್ಕರಲ್ಲೂ ಅದೇ ಎರಡು ವಾಕ್ಯ. ಅಕ್ಷರ ಕೂಡ ಹೆಚ್ಚುಕಮ್ಮಿ ಇಲ್ಲ!

ಐದನೆಯ ಲಕೋಟೆ ಬಂದ ದಿನ ನನ್ನ ತಾಳ್ಮೆ ಮುಗಿಯಿತು. "ಪರಿಶೀಲನೆಯಂತೆ!" ಅಂದವನೇ ಅದನ್ನು ಒಡೆಯದೆ, ಅಂಗಡಿಯ ಮೂಲೆಯಲ್ಲಿದ್ದ ಅವಧಿ ಮುಗಿದ ಔಷಧಿಗಳ ಡಬ್ಬಕ್ಕೆ ಎಸೆದೆ. ಆ ಕಚೇರಿಗೆ ಇದಕ್ಕಿಂತ ತಕ್ಕ ಉತ್ತರ ಇಲ್ಲ ಅನ್ನಿಸಿ ಮನಸ್ಸಿಗೆ ಬಹಳ ಹಿತವಾಯಿತು.

ಆಮೇಲೆ ಹೋರಾಟ ತೀವ್ರವಾಯಿತು. ಬಸ್ ಸ್ಟ್ಯಾಂಡಿನ ಎದುರು ಧರಣಿ ಕೂತೆವು. ಅಧಿಕಾರಿಗಳಿಗೆ ಧಿಕ್ಕಾರ ಕೂಗಿದೆವು. ವೀರಭದ್ರಪ್ಪನವರು ಒಂದು ದಿನದ ಉಪವಾಸ ಘೋಷಿಸಿದರು. ಮಧ್ಯಾಹ್ನ ಹನ್ನೆರಡೂವರೆಗೆ ಅವರಿಗೆ ಎದೆಯುರಿ ಶುರುವಾಯಿತು. ನನ್ನ ಅಂಗಡಿಯ ಮಾತ್ರೆ ಕೊಟ್ಟೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದೆಂದು ನಾನೇ ಹೇಳಬೇಕಾಯಿತು. ಹೀಗೆ ಉಪವಾಸ ಒಂದು ತಟ್ಟೆ ಅವಲಕ್ಕಿಯೊಂದಿಗೆ ಮುಕ್ತಾಯವಾಯಿತು. ದಿನವೂ ಊಟಕ್ಕೆ ಕೂತಾಗ ನಾನು ಆ ಕಚೇರಿಯ ಇಂಜಿನಿಯರನ್ನು ಬೈಯುತ್ತಿದ್ದೆ. ಮುಖ ನೋಡಿರಲಿಲ್ಲ, ಆದರೂ ಬೈಗುಳದಲ್ಲಿ ಅವನ ಮುಖ, ಕಣ್ಣು, ಕೂತು ತೂಕಡಿಸುವ ಭಂಗಿ ಎಲ್ಲ ಸ್ಪಷ್ಟವಾಗಿದ್ದವು. ಸಾವಿತ್ರಿ ಸಾರು ಬಡಿಸುತ್ತಾ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಸುಮ್ಮನೆ ಕೇಳಿಸಿಕೊಳ್ಳುವ ಹೆಂಗಸರನ್ನು ಗಂಡಸರು ಯಾವತ್ತೂ ಹಗುರವಾಗಿ ತಿಳಿಯಬಾರದು.

ಹನ್ನೊಂದು ತಿಂಗಳು ಕಳೆಯಿತು. ಒಂದು ದಿನ ಅವಧಿ ಮುಗಿದ ಔಷಧಿ ವಾಪಸು ಒಯ್ಯುವವನು ಬರುತ್ತಾನೆಂದು ಸಾವಿತ್ರಿ ಆ ಡಬ್ಬ ಖಾಲಿ ಮಾಡಲು ಕೂತಳು.

"ಹೋಯ್, ಇಲ್ಲೊಂದು ಕಾಗದ ಇದ್ದು. ಒಡೆದಿದ್ದೇ ಇಲ್ಲೆ."

"ಎಸೆ ಅದನ್ನ. ಪರಿಶೀಲನೆಯಲ್ಲಿದೆ ಹೇಳಿ ಇರ್ತು."

ಅವಳು ಎಸೆಯಲಿಲ್ಲ. ಒಡೆದಳು. ಕನ್ನಡಕ ಹಾಕಿಕೊಂಡು ಓದಿದಳು. ಓದಿ ಮುಗಿಸಿ ನನ್ನ ಕೈಗೆ ಕೊಟ್ಟಳು.

'ತಮ್ಮ ಊರಿಗೆ ಸ್ವಯಂಚಾಲಿತ ಎಕ್ಸ್‌ಚೇಂಜ್ ಮಂಜೂರಾಗಿದೆ. ಯಂತ್ರ ಇಡಲು ಸೋರದ ಒಂದು ಕೋಣೆ ಬೇಕಾಗಿದ್ದು, ತಮ್ಮ ಸಮಿತಿ ಹದಿನೈದು ದಿನಗಳೊಳಗೆ ತಿಳಿಸಬೇಕು. ತಪ್ಪಿದಲ್ಲಿ ಯಂತ್ರವನ್ನು ಪಟ್ಟಿಯಲ್ಲಿರುವ ಮುಂದಿನ ಊರಿಗೆ ನೀಡಲಾಗುವುದು.'

ಲಕೋಟೆಯ ಮೇಲಿನ ಮುದ್ರೆಯ ತಾರೀಕು ಎರಡು ಸಲ ನೋಡಿದೆ. ಊರಿಡೀ ಬಿಸಿಲಲ್ಲಿ ಕೂತು ಯಾರಿಗೆ ಧಿಕ್ಕಾರ ಕೂಗಿತ್ತೋ ಅವರು ಹನ್ನೊಂದು ತಿಂಗಳ ಹಿಂದೆಯೇ ಮಂಜೂರು ಮಾಡಿ ನನ್ನ ಉತ್ತರಕ್ಕೆ ಕಾದಿದ್ದರು!

ಮುಂದಿನ ಬಸ್ಸಿಗೇ ಹೊರಟೆ. ಇಂಜಿನಿಯರು ತೂಕಡಿಸುತ್ತಿರಲಿಲ್ಲ. ಮೈಸೂರು ಕಡೆಯ ತೆಳ್ಳಗಿನ, ಸೌಮ್ಯ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದರು. ಒಮ್ಮೆ ಬೈದಾದರೂ ಬಿಡಬಾರದೇ!

"ನಿಮ್ಮಿಂದ ಉತ್ತರವೇ ಬರಲಿಲ್ಲ. ಊರಿನವರಿಗೆ ಆಸಕ್ತಿ ಇಲ್ಲವೇನೋ ಅಂದುಕೊಂಡೆವು," ಅಂದರು. "ಆದರೆ ಧರಣಿ ಮಾತ್ರ ನಡೀತಾನೇ ಇತ್ತು. ನಮಗೆ ಅರ್ಥವೇ ಆಗಲಿಲ್ಲ."

"ಕಾಗದ ಅಂಚೆಯಲ್ಲಿ ಎಲ್ಲೋ ತಪ್ಪಿಹೋಗಿತ್ತು ಸರ್," ಅಂದೆ. ಸುಳ್ಳು ಹೇಳುವಾಗ ಹೊಸ ಹಲ್ಲು ಎರಡೂ ಸಡಿಲವಾದಂತೆ ಅನ್ನಿಸಿತು.

ನಮ್ಮ ಪಾಲಿನ ಯಂತ್ರ ಯಲ್ಲಾಪುರದ ಕಡೆಯ ಇನ್ಯಾವುದೋ ಊರಿಗೆ ಹೋಗಿಬಿಟ್ಟಿತ್ತು. ಮುಂದಿನ ಕಂತಿನಲ್ಲಿ ಕೊಡಬಹುದು, ಆದರೆ ಕೋಣೆ ಈಗಲೇ ಹೇಳಬೇಕು ಅಂದರು. ಯಾವ ಕೋಣೆ? ಎದೆಯೊಳಗೆ ಕೂತಿದ್ದ ಅಪರಾಧಿಭಾವ ನನ್ನ ಬಾಯಿಂದ ಮಾತಾಡಿತು: "ನನ್ನ ಅಂಗಡಿಯ ಪಕ್ಕದ ಗೋದಾಮು ಇದೆ ಸರ್. ಊರಿಗಾಗಿ ಬಿಟ್ಟುಕೊಡುತ್ತೇನೆ."

ಊರಿಗೆ ಬಂದು ಸಮಿತಿಯಲ್ಲಿ ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. "ಏನ್ ತ್ಯಾಗರೀ ಹೆಗಡೇರ ನಿಮ್ದು! ಹೋರಾಟಕ್ಕ ಹೆದರಿ ಮಂಜೂರ್ ಮಾಡ್ಯಾರ ನೋಡ್ರಿ!" ಅಂತ ವೀರಭದ್ರಪ್ಪನವರು ನನ್ನನ್ನು ಅಪ್ಪಿಕೊಂಡರು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಗ್ಗಿಸಿದ್ದು ವಿನಯದಿಂದ ಅಲ್ಲ ಎಂಬುದು ಸಾವಿತ್ರಿಗೆ ಮಾತ್ರ ಗೊತ್ತಿತ್ತು. ಅಂಚೆಯ ಸುಳ್ಳನ್ನೂ ಅವಳೊಬ್ಬಳಿಗೇ ಹೇಳಿದ್ದೆ.

ಗೋದಾಮಿನಲ್ಲಿದ್ದ ಔಷಧಿಯೆಲ್ಲ ಮನೆಯೊಳಗೆ ಬಂತು. ಪೆಟ್ಟಿಗೆಗಳು ಜಗಲಿ ತುಂಬಿ, ನಡುಮನೆ ತುಂಬಿ, ಅಡುಗೆಮನೆಗೆ ನುಗ್ಗಿದವು. ಕೆಮ್ಮಿನ ಔಷಧಿಯ ಬಾಟಲಿಗಳ ನಡುವೆ ಸಾಸಿವೆ ಡಬ್ಬ ಹುಡುಕುವುದು ಅವಳ ದಿನಚರಿಯಾಯಿತು. ಒಂದು ದಿನ ಒಗ್ಗರಣೆಗೆಂದು ಅವಳು ತೆಗೆದದ್ದು ಹರಳೆಣ್ಣೆ. ಆ ಪಲ್ಯ ನಾನೇ ಉಂಡೆ. ಮರುದಿನ ಅಂಗಡಿ ತೆರೆಯಲಿಲ್ಲ.

ಕೊನೆಗೂ ಉದ್ಘಾಟನೆಯ ದಿನ ಬಂತು. ಹೈಸ್ಕೂಲಿನ ಸಭಾಂಗಣದಲ್ಲಿ ಕಾರ್ಯಕ್ರಮ. ಇಂಜಿನಿಯರ್ ಸಾಹೇಬರೇ ಮುಖ್ಯ ಅತಿಥಿ. ವೇದಿಕೆಯ ಮೇಲೆ ಒಂದು ಹೊಸ ಫೋನು, ಅದರಿಂದ ಮೊದಲ ಕರೆ ನಮ್ಮ ಮನೆಗೆ. ಆ ಕಡೆಯ ದನಿ ಎಲ್ಲರಿಗೂ ಕೇಳಲೆಂದು ರಿಸೀವರಿಗೆ ಮೈಕು ಕಟ್ಟಿಸಿದ್ದೆ. ಇದು ನನ್ನದೇ ಯೋಜನೆ! ಸಾಹೇಬರ ದನಿ ಕೇಳಿದ ಕೂಡಲೇ ಸಾವಿತ್ರಿ ಹೇಳಬೇಕಾದ ಮಾತನ್ನು ಬರೆದು ಬಾಯಿಪಾಠ ಮಾಡಿಸಿದ್ದೆ: 'ಮಾನ್ಯರೇ, ನಮ್ಮ ಊರಿನ ಸಮಸ್ತ ಮಹಿಳೆಯರ ಪರವಾಗಿ ತಮಗೆ ವಂದನೆಗಳು.'

ಹನ್ನೊಂದು ಗಂಟೆಗೆ ಆಗಬೇಕಿದ್ದ ಕರೆ ಒಂದೂವರೆಯಾದರೂ ಆಗಲಿಲ್ಲ. ಭಾಷಣಗಳು ಮುಗಿಯಲಿಲ್ಲ. ಅದರಲ್ಲಿ ಉದ್ದದ್ದು ನನ್ನದೇ. ಕೊನೆಗೆ ಸಾಹೇಬರು ಎದ್ದು, ಗುಂಡಿ ಒತ್ತಿ, ಆ ಕಡೆ ಗಂಟೆ ಹೊಡೆಯುತ್ತಿರುವುದು ಮೈಕಿನಲ್ಲಿ ಕೇಳಿಸುತ್ತಿದ್ದಂತೆ, ದೊಡ್ಡ ಮನಸ್ಸು ಮಾಡಿ ರಿಸೀವರನ್ನು ನನ್ನ ಕೈಗಿಟ್ಟರು.

"ಊರಿಗಾಗಿ ಇಷ್ಟು ದುಡಿದವರು ನೀವು. ಮೊದಲ ಮಾತು ನಿಮ್ಮದೇ ಆಗಲಿ."

ಸಭೆ ಚಪ್ಪಾಳೆ ತಟ್ಟಿತು. ನನ್ನ ಕಣ್ಣು ತುಂಬಿತು. ರಿಸೀವರ್ ಎತ್ತುವ ಸದ್ದಾಯಿತು. ನಾನು ಗಂಭೀರವಾಗಿ ಹೇಳಿದೆ: "ಹಲೋ, ಸಾವಿತ್ರೀ..."

"ಹಾಂ, ನಿಂಗನಾ?" ಸಭಾಂಗಣದ ನಾಲ್ಕೂ ಮೂಲೆಯಿಂದ ಅವಳ ದನಿ ಬಂತು. ಹಳೆಯ ಫೋನಿನಲ್ಲಿ ಕೂಗಿ ಅಭ್ಯಾಸವಾದ ದನಿ, ಅದಕ್ಕೆ ಮೈಕು ಬೇರೆ. "ಮುಗದ್ದಿಲ್ಯ ಆ ಸಭೆ? ಹನ್ನೊಂದು ಗಂಟಿಗೆ ಸಾಹೇಬ್ರ ಫೋನ್ ಬತ್ತು ಹೇಳಿ ಕೂರಿಸಿಕ್ಕಿ ಹೋದ್ರಿ. ಅನ್ನ ತಳ ಹಿಡದ್ದು ಇಲ್ಲಿ!"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನಾನು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಎಚ್ಚರಿಸಿದೆ: "ಸಾವಿತ್ರೀ, ಮಾನ್ಯ ಸಾಹೇಬರು ನನ್ನ ಪಕ್ಕದಲ್ಲಿಯೇ ಉಪಸ್ಥಿತರಿದ್ದಾರೆ."

"ಯಾವ ಸಾಹೇಬ? ದಿನಾ ಉಣ್ಣಕ್ಕಾದ್ರೆ ನಿಂಗ ಬೈತಿದ್ರಲಿ, ಫೈಲಿನ ಮೇಲೆ ತಲೆ ಇಟ್ಕಂಡು ನಿದ್ದೆ ಹೊಡಿತ ಹೇಳಿ, ಅಂವನಾ? ಪಾಪ, ಅಂವ ಎಂತ ಮಾಡಿದ್ದ? ಕಾಗದ ಬರದ್ದ. ಆ ಕಾಗದ ಒಡೆದೂ ನೋಡದ್ದೆ ಹನ್ನೊಂದು ತಿಂಗಳು ಔಷಧಿ ಡಬ್ಬದಲ್ಲಿ ಇಟ್ಕಂಡವ್ರು ನಿಂಗ! ಅಂಚೆ ಮೇಲೆ ಸುಳ್ಳು ಹೇಳಿಕ್ಕಿ ಬಂದವ್ರೂ ನಿಂಗ! ಗೋದಾಮು ಕೊಟ್ಟು ದೊಡ್ಡ ಮನಷ ಆದವ್ರೂ ನಿಂಗ! ಯಂಗೆ ಅಡುಗೆಮನೇಲಿ ಕಾಲಿಡಲೆ ಜಾಗ ಇಲ್ಲೆ!"

ಮೈಕನ್ನು ಮುಚ್ಚೋಣವೆಂದು ಅಂಗೈ ಒತ್ತಿದೆ. ಮೈಕು 'ಕೂಂಯ್' ಎಂದು ಕಿರುಚಿತು. ಕೈ ತೆಗೆದೆ. ಸಾವಿತ್ರಿ ಇನ್ನೂ ಸ್ಪಷ್ಟವಾದಳು. ರಿಸೀವರನ್ನು ಕೆಳಗಿಡಬಹುದಿತ್ತು ಎಂದು ನೀವು ಹೇಳಬಹುದು. ಆ ಕ್ಷಣದಲ್ಲಿ ಅದು ಹೊಳೆಯಬೇಕಲ್ಲ!

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ವೇದಿಕೆಯ ಹತ್ತಿರ ಬಂದ. ಶ್ರೀಪಾದಣ್ಣ! ಯಾವ ಮನುಷ್ಯನ ಕುರ್ಚಿ ಕಿತ್ತುಕೊಳ್ಳಲು ನಾನು ಇಷ್ಟೆಲ್ಲ ಮಾಡಿದ್ದೆನೋ ಅವನೇ ಗಂಟಲು ಸರಿಮಾಡಿಕೊಂಡು ಸಾಹೇಬರಿಗೆ ಹೇಳಿದ: "ಸರ್, ಇದು ಕ್ರಾಸ್ ಲೈನು. ಹೊಸ ಯಂತ್ರದಲ್ಲಿ ಹೀಗೆ ಆಗ್ತದೆ. ಇದು ಇಲ್ಲಿನ ಮನೆ ಅಲ್ಲ, ಯಲ್ಲಾಪುರದ ಯಾರದ್ದೋ ಮನೆ."

ನನ್ನ ಹೋದ ಜೀವ ಬಂತು. ಅರೆಕ್ಷಣ ಮಾತ್ರ. ಶ್ರೀಪಾದಣ್ಣನ ದನಿ ಫೋನಿನೊಳಗೂ ಹೋಗಿತ್ತು.

"ಯಾವ ಯಲ್ಲಾಪುರ?" ಮೈಕು ಗುಡುಗಿತು. "ಶ್ರೀಪಾದ ಭಾವ, ಆನು ಸಾವಿತ್ರಿ! ಗುರ್ತು ಸಿಗ್ತಿಲ್ಯಾ?"

ಹೈಸ್ಕೂಲಿನ ಹೆಂಚು ಹಾರಿಹೋಗುವಂತೆ ಜನ ನಕ್ಕರು. ಹೆಡ್‌ಮಾಸ್ತರು ಬೆಂಚಿನ ಮೇಲೆ ಮಲಗಿಕೊಂಡು ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ನನ್ನ ಕೈಯಿಂದ ರಿಸೀವರನ್ನು ಮೆಲ್ಲಗೆ ಬಿಡಿಸಿಕೊಂಡು ಕೇಳಿದರು: "ತಾಯೀ, ನಮಸ್ಕಾರ. ನಿಮಗೆ ನನ್ನ ದನಿ ಸರಿಯಾಗಿ ಕೇಳಿಸ್ತಿದೆಯಾ?"

ಆ ಕಡೆಯಿಂದ ಉತ್ತರ ಬಂತು, ಸಣ್ಣ ದನಿಯಲ್ಲಿ, ತಪ್ಪಿಲ್ಲದೆ: "ಮಾನ್ಯರೇ, ನಮ್ಮ ಊರಿನ ಸಮಸ್ತ ಮಹಿಳೆಯರ ಪರವಾಗಿ ತಮಗೆ ವಂದನೆಗಳು."

"ಲೈನು ಬಹಳ ಚೆನ್ನಾಗಿದೆ," ಎಂದು ಸಾಹೇಬರು ಸಭೆಗೆ ಘೋಷಿಸಿದರು. "ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು."

ವೇದಿಕೆಯಿಂದ ಇಳಿಯುವಾಗ ವೀರಭದ್ರಪ್ಪನವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಸಿಟ್ಟಿನಲ್ಲಿ ಇರಲಿಲ್ಲ, ಮಗುವಿನಂತೆ ಗೊಂದಲದಲ್ಲಿದ್ದರು. "ಅಲ್ರೀ ಹೆಗಡೇರ, ಒಂದ್ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಹಂಗಾದ್ರ ನಾ ಅವತ್ತು ಉಪಾಸ ಕುಂತಿದ್ದು ಯಾರ ವಿರುದ್ಧರೀ?"

ನಾನು ಅವರನ್ನು ಚಾದ ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ತಟ್ಟೆ ಅವಲಕ್ಕಿ ಕೊಡಿಸಿದೆ.

ಹೊಸ ಎಕ್ಸ್‌ಚೇಂಜಿನ ಶಕ್ತಿ ಏನೆಂದು ಅಂದು ಸಂಜೆ ತಿಳಿಯಿತು. ಮೊದಲಾಗಿದ್ದರೆ ಸುದ್ದಿ ಶ್ರೀಪಾದಣ್ಣನ ಕೈಯಲ್ಲಿ ಒಂದೊಂದೇ ತಂತಿಯಾಗಿ, ಊಟದ ಬಿಡುವು ಕಳೆದು, ನಿಧಾನಕ್ಕೆ ಊರು ದಾಟಬೇಕಿತ್ತು. ಈಗ ಇಡೀ ಊರು ಒಂದೇ ಸಲಕ್ಕೆ ಡಯಲ್ ಮಾಡುತ್ತಿತ್ತು! ಸಂಜೆ ಐದಕ್ಕೆ ಸಿದ್ದಾಪುರದಿಂದ ನನ್ನ ಅಕ್ಕ, ಐದೂಕಾಲಿಗೆ ಶಿರಸಿಯ ಸಗಟು ವ್ಯಾಪಾರಿ, ಆಮೇಲೆ ಮತ್ತಿಘಟ್ಟದ ಷಡ್ಡಕ. ಎಲ್ಲರದ್ದೂ ಒಂದೇ ಪ್ರಶ್ನೆ: "ಹೌದೇನೋ?" ಸಾವಿತ್ರಿ ಮಾತ್ರ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೈಕಿನ ವಿಷಯ ಅವಳಿಗೆ ನಾನು ಹೇಳಿರಲೇ ಇಲ್ಲವಂತೆ. ಯೋಚಿಸಿ ನೋಡಿದೆ. ಹೌದು, ಹೇಳಿರಲಿಲ್ಲ.

ಶ್ರೀಪಾದಣ್ಣನಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅವನು ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಟ್ರಂಕಿನ ಮೇಲೆ ಕೂತಿದ್ದ. ರಾತ್ರಿಯಿಡೀ ಕಟ್ಟಿಕೊಂಡ ಮಾತನ್ನು ಹೇಳಿದೆ: "ಶ್ರೀಪಾದಣ್ಣ, ತಪ್ಪಾತು. ನನ್ನ ಸಿಟ್ಟಿಂದ ನಿನ್ನ ಕೆಲಸಕ್ಕೆ ಕುತ್ತು ಬಂತು. ಅಷ್ಟಾದ್ರೂ ನೀನು ನನ್ನ ಉಳಿಸಲೆ ಸುಳ್ಳು ಹೇಳಿದೆ."

ಅವನು ಕಣ್ಣರಳಿಸಿದ. "ಕುತ್ತೆಂತಕ್ಕೆ ಮಾರಾಯಾ? ಯಂಗೆ ಬಡ್ತಿ ಸಿಕ್ಕಿದ್ದು! ಹತ್ತೊಂಬತ್ತು ವರ್ಷ ಆ ಕೋಣೇಲಿ ಕೂತು ಬೆನ್ನು ಬಿದ್ದೋಗಿತ್ತು. ಮನೇಲಿ ಹೆಂಡತಿ ದಿನಾ ಹೇಳ್ತಿತ್ತು, ಹೆಗಡೇರ ಹೋರಾಟ ಗೆಲ್ಲಲಿ ಹೇಳಿ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ದು."

ಬಸ್ಸು ಬಂತು. ಅವನು ಖುಷಿಯಾಗಿ ಹತ್ತಿದ. ನನ್ನ ಪಶ್ಚಾತ್ತಾಪವನ್ನು ಹೊತ್ತುಕೊಂಡು ನಾನು ವಾಪಸು ನಡೆದೆ. ಅದಕ್ಕೂ ಗಿರಾಕಿ ಇರಲಿಲ್ಲ!

ಎರಡು ಸಾವಿರದ ಇಸವಿ ದಾಟಿತು. ಶಿರಸಿಯಲ್ಲಿ ಮೊಬೈಲು ಬಂತು, ಯಲ್ಲಾಪುರದಲ್ಲಿ ಬಂತು. ನಮ್ಮಲ್ಲಿ ಬರಲಿಲ್ಲ. ಸಿಗ್ನಲ್ಲಿಗಾಗಿ ಜನ ಹೈಸ್ಕೂಲಿನ ಹಿಂದಿನ ಗುಡ್ಡ ಹತ್ತಿ ಕೈ ಮೇಲೆ ಮಾಡಿ ನಿಲ್ಲುವುದನ್ನು ನೋಡಿ ನನ್ನ ರಕ್ತ ಕುದಿಯಿತು. ಇದು ಯಾವ ನ್ಯಾಯ? ಟವರಿಗಾಗಿ ಹೋರಾಟ ಸಮಿತಿ ಮಾಡುತ್ತಾರೆಂದು ತಿಳಿದು ಕರೆಯದಿದ್ದರೂ ಹೋದೆ. ಒಬ್ಬ ಅನುಭವಿಯ ಮಾರ್ಗದರ್ಶನ ಬೇಕಲ್ಲ. ನನ್ನನ್ನು ನೋಡಿ ಸಭೆ ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡಿತು. ಆಮೇಲೆ ಅಧ್ಯಕ್ಷತೆಗೆ ಮತ್ತೆ ವೀರಭದ್ರಪ್ಪನವರನ್ನೇ ಆರಿಸಿದರು. ಕಾರ್ಯದರ್ಶಿ ಸ್ಥಾನಕ್ಕೆ ಅವರು ಎದ್ದು ನಿಂತು, ನನ್ನ ಕಡೆ ಪ್ರೀತಿಯಿಂದ ನೋಡಿ, ಹೆಸರು ಸೂಚಿಸಿದರು.

"ಸಾವಿತ್ರಕ್ಕಾರು ಆಗ್ಲಿ. ಅವರು ಮಾತಾಡಿದ್ರ ಮ್ಯಾಲಿನವರಿಗೆ ಲಗೂನ ತಿಳೀತದ."

ಸರ್ವಾನುಮತದಿಂದ ಅಂಗೀಕಾರವಾಯಿತು. ಸಾವಿತ್ರಿ ಮೂರು ಕಾಗದ ಬರೆದಳು, ಒಂದು ಸಲ ಕಚೇರಿಗೆ ಹೋಗಿ ಬಂದಳು. ಟವರು ಬಂತು. ಧರಣಿ ಇಲ್ಲ, ಉಪವಾಸ ಇಲ್ಲ, ಎಂಥದೂ ಇಲ್ಲ! ಹೋರಾಟವೆಂದರೆ ಹೀಗಾ ಮಾಡುವುದು?

ಅದರ ಉದ್ಘಾಟನೆಯಲ್ಲಿ ನನಗೂ ಒಂದು ಜವಾಬ್ದಾರಿ ಕೊಟ್ಟರು. ಬೆಳಿಗ್ಗೆ ಎಂಟಕ್ಕೇ ಹೋಗಿ ಕುರ್ಚಿ ಜೋಡಿಸುವುದು. ನೂರಿಪ್ಪತ್ತು ಕುರ್ಚಿ, ಒಬ್ಬನೇ ಜೋಡಿಸಿದೆ. ಸಭೆ ಶುರುವಾಗುವ ಹೊತ್ತಿಗೆ ಎಲ್ಲವೂ ಭರ್ತಿಯಾಗಿ, ನನಗೆ ಮಾತ್ರ ಕೂರಲು ಒಂದೂ ಉಳಿದಿರಲಿಲ್ಲ.